ಗಿರಗಿಟ್ಲೆಯ ಬಾಟಲಿಗಳು

ಜನವರಿ 10, ಶುಕ್ರವಾರ

ಸೀರಿಯಲ್ಲಿನ ಮುಖವಾಡದವನು ಯಾರು ಎಂಬ ನನ್ನ ಥಿಯರಿಗೆ ಆನ್‌ಲೈನ್ ಥ್ರೆಡ್‌ನಲ್ಲಿ ಲೈಕುಗಳ ಸುರಿಮಳೆ. ಸೀರಿಯಲ್ ಫ್ಯಾನ್‌ಗಳೆಲ್ಲ ನನ್ನನ್ನು ಡಿಟೆಕ್ಟಿವ್ ಅಕ್ಕ ಎಂದು ಕರೆಯಲು ಶುರು ಮಾಡಿದ್ದಾರೆ. ಕುಣಿದಾಡಬೇಕಿತ್ತು. ಆದರೆ ಇವತ್ತಿನ ಕಂತು ಶುರುವಾಗುವ ಹೊತ್ತಿಗೆ ನಾನು ತಂಗಿಯ ಶಾಲೆಯಲ್ಲಿ, ಹೆಡ್‌ಮೇಡಂ ರೂಮಿನಲ್ಲಿ, ಅಮ್ಮನ ಪಕ್ಕ ಕೈ ಕಟ್ಟಿಕೊಂಡು ಕೂತಿದ್ದೆ.

ತಂಗಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಅವಳನ್ನು ಗಿರಗಿಟ್ಲೆ ಎಂದೇ ಕರೆಯುವುದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡೇ ಉತ್ತರ ಬರೆದು, ಉಳಿದ ಪುಟಗಳ ತುಂಬ ತಿಮಿಂಗಿಲ ಬಿಡಿಸಿ, ಎಲ್ಲರಿಗಿಂತ ಮೊದಲು ಹೊರಗೆ ಬಂದಿದ್ದಳು. ತಿಮಿಂಗಿಲ ಚೆನ್ನಾಗಿತ್ತು. ಅದನ್ನು ನಾನು ಅಲ್ಲಿ ಹೇಳಲಿಲ್ಲ.

ಹೆಡ್‌ಮೇಡಂ ಅಮ್ಮನಿಗೆ ಹೇಳಿದರು, "ನೋಡಿ, ವಾರ್ಷಿಕ ಪರೀಕ್ಷೆಗೆ ಕೊನೇವರೆಗೂ ಕೂತು ಬರೀಲಿ. ಪಾಸಾಗೋದು ಆಮೇಲಿನ ಮಾತು. ಕೂರೋಕೇ ಆಗಲ್ಲ ಅಂದ್ರೆ ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡ್ಕೋಬೇಕಾಗತ್ತೆ."

ಅಷ್ಟರಲ್ಲಿ ಟೇಬಲ್ ಅಡಿಯಿಂದ ಒಂದು ದನಿ ಬಂತು. "ಮೇಡಂ, ಒಂದು ಸ್ಕ್ರೂ ಕಮ್ಮಿ ಇದೆ."

ಹೆಡ್‌ಮೇಡಂ ಮುಖ ಕೆಂಪಾಯಿತು. ಗಿರಗಿಟ್ಲೆ ಟೇಬಲಿಗೆ ಅಂದದ್ದು ಎಂದು ಎಲ್ಲರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕಂತು ಹೋಯಿತು. ಥ್ರೆಡ್ ನೋಡಿದರೆ ಸ್ಪಾಯ್ಲರ್, ನೋಡದಿದ್ದರೆ ನಿದ್ದೆ ಇಲ್ಲ.

ಜನವರಿ 12, ಭಾನುವಾರ

ಕೊನೆಗೂ ಗಿರಗಿಟ್ಲೆ ಮಾತ್ರೆ ಪರೀಕ್ಷೆಗೆ ಸೇರಿದಳು. ಅವಳಿಗಿರುವುದು ಗಮನದ ತೊಂದರೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಅಂಥ ಮಕ್ಕಳಿಗೆ ಕೊಡುವ ಉತ್ತೇಜಕ ಔಷಧಿಯನ್ನು ಅವರೀಗ ಪರೀಕ್ಷೆ ಮಾಡುತ್ತಿದ್ದಾರೆ.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು, ಯಾವುದನ್ನೂ ಬಿಚ್ಚಿ ನೋಡದೆ ನಂಬುವುದಿಲ್ಲ. "ಡಾಕ್ಟ್ರೇ, ಇವಳು ಮೊದ್ಲೇ ಕುಣೀತಾಳೆ. ಇವಳಿಗೆ ಇನ್ನೂ ಉತ್ತೇಜನ ಕೊಟ್ರೆ ಸೀಲಿಂಗಿಗೆ ಅಂಟ್ಕೊಳ್ಳಲ್ವಾ?"

ಡಾಕ್ಟರು ನಕ್ಕರು. "ಅವಳ ತಲೇಲಿ ಕುಣಿಸೋದು ಎಚ್ಚರವಾಗೇ ಇದೆ. ತಡೆಯೋದು ತೂಕಡಿಸ್ತಾ ಇದೆ. ನಾವು ಎಬ್ಬಿಸೋದು ತಡೆಯೋದನ್ನ."

ವಿಷಯ ಇಷ್ಟು. ಮೂರು ಬಾಟಲಿ, ವಾರಕ್ಕೊಂದು. ಒಂದರಲ್ಲಿ ಸಣ್ಣ ಡೋಸು, ಒಂದರಲ್ಲಿ ದೊಡ್ಡ ಡೋಸು, ಒಂದರಲ್ಲಿ ಔಷಧಿಯೇ ಇಲ್ಲ. ಯಾವುದು ಯಾವುದೆಂದು ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅಂಟಿಸಿದ ಕವರೊಂದರಲ್ಲಿ ಬರೆದಿಟ್ಟಿರುತ್ತಾರೆ. ಮನೆಯಿಂದ ಒಬ್ಬರು, ಶಾಲೆಯಿಂದ ಒಬ್ಬರು ಆಸ್ಪತ್ರೆಯ ಆ್ಯಪ್‌ನಲ್ಲಿ ದಿನಾ ಐದಕ್ಕೆ ಅಂಕ ಕೊಡಬೇಕು. ಕೊನೆಗೆ ಕವರ್ ಒಡೆದು ಈ ಮಗುವಿಗೆ ಯಾವುದು ಸರಿ ಎಂದು ನೋಡುತ್ತಾರೆ. ಅಂದರೆ ಅಂಕ ತಪ್ಪಾದರೆ ಡೋಸೂ ತಪ್ಪು.

ಅಮ್ಮ ಬಟ್ಟೆ ಅಂಗಡಿಯಲ್ಲಿ ಆಲ್ಟರೇಷನ್ ಮಾಡಿ ಮನೆ ಸೇರುವಾಗ ರಾತ್ರಿಯಾಗುತ್ತದೆ. ಅಪ್ಪ ಯಾವ ಲಿಫ್ಟ್ ಎಲ್ಲಿ ನಿಂತರೂ ಓಡಬೇಕು. ಮಧ್ಯಾಹ್ನಕ್ಕೇ ಕಾಲೇಜು ಮುಗಿಸಿ ಬರುವವಳು ನಾನೊಬ್ಬಳೇ. ಹಾಗಾಗಿ ಅಂಕ ಕೊಡುವವಳು ನಾನು. ದೊಡ್ಡ ಜವಾಬ್ದಾರಿ.

ಈ ಕೆಲಸವನ್ನೆಲ್ಲ ನೋಡಿಕೊಳ್ಳುವ ಅಕ್ಕನೊಬ್ಬಳಿದ್ದಾಳೆ. ದಪ್ಪ ಕನ್ನಡಕ, ತೆಳ್ಳಗಿನ ನಗು. ಕನ್ನಡಕದಕ್ಕ ಎರಡೆರಡು ಸಲ ಹೇಳಿದಳು, "ಯಾವ್ದು ಅಂತ ಊಹೆ ಮಾಡೋಕೆ ಹೋಗ್ಬೇಡ. ಕಂಡಿದ್ದನ್ನ ಮಾತ್ರ ಬರಿ."

ಊಹೆ ಮಾಡಬೇಡ ಎಂದು ಯಾರಿಗೆ ಹೇಳುತ್ತಿದ್ದಾಳೆ. ಡಿಟೆಕ್ಟಿವ್ ಅಕ್ಕನಿಗೆ.

ಕಾಯುವ ಹಾಲ್‌ನಲ್ಲೇ ನಾಲ್ಕೈದು ಮನೆಯವರ ನಂಬರ್ ಹಾಕಿ ಗ್ರೂಪ್ ಮಾಡಿದೆ. ಹೆಸರು ಗುಳಿಗೆ ಗ್ಯಾಂಗ್. ಅಡ್ಮಿನ್ ನಾನೇ.

ಜನವರಿ 15, ಬುಧವಾರ

ಮೊದಲ ಬಾಟಲಿ. ಕ್ಯಾಪ್ಸೂಲ್ ನುಂಗಲು ಬಾರದವರಿಗೆ ಅದನ್ನು ಬಿಡಿಸಿ ಜಾಮಿಗೆ ಬೆರೆಸಿ ಕೊಡಬಹುದು ಎಂದು ಹೇಳಿಕೊಟ್ಟಿದ್ದಾರೆ. ಗಿರಗಿಟ್ಲೆ ಚಮಚ ನೆಕ್ಕಿ, "ಇನ್ನೊಂದು ಕೊಡೆ," ಎಂದಳು. ಅನುಮಾನ ಬಂತು. ಖಾಲಿ ಕ್ಯಾಪ್ಸೂಲಿನೊಳಗೆ ಅಂಟಿದ್ದ ಪುಡಿಯನ್ನು ನಾಲಿಗೆ ತುದಿಗೆ ಮುಟ್ಟಿಸಿಕೊಂಡೆ. ಸಪ್ಪೆ. ಸೀಮೆಸುಣ್ಣದ ಪುಡಿ ಥರ.

ಸಂಜೆ ಗಿರಗಿಟ್ಲೆ ಲೆಕ್ಕದ ಪುಟ ಪೂರ್ತಿ ಮುಗಿಸಿದಳು. ಶೂಗಳನ್ನು ಅವುಗಳ ಜಾಗದಲ್ಲೇ ಬಿಟ್ಟಿದ್ದಳು. ಇಂಥ ದಿನಗಳು ಅಪರೂಪಕ್ಕೊಮ್ಮೆ ಬರುತ್ತವೆ. ಪುಡಿ ಸಪ್ಪೆ ಇದ್ದ ಮೇಲೆ ಇದು ಔಷಧಿ ಇರಲಾರದು. ಐದಕ್ಕೆ ಎರಡು ಕೊಟ್ಟೆ.

ಜನವರಿ 18, ಶನಿವಾರ

ಮುಖವಾಡದವನು ನಾಯಕನ ಚಿಕ್ಕಪ್ಪ. ನಾನು ಮೊದಲಿಂದಲೂ ಹೇಳುತ್ತಿದ್ದೆ. ಥ್ರೆಡ್ ನನ್ನ ಕಾಲಿಗೆ ಬಿದ್ದಿದೆ. ಹಳೇ ಪೋಸ್ಟಿನ ಸ್ಕ್ರೀನ್‌ಶಾಟ್ ಎಲ್ಲ ಕಡೆ ಹಂಚಿದ್ದಾಯಿತು.

ತಂಗಿಗೆ ಎರಡು.

ಜನವರಿ 20, ಸೋಮವಾರ

ಎರಡನೇ ಬಾಟಲಿ. ಗಿರಗಿಟ್ಲೆ ಚಮಚ ಬಾಯಿಗಿಟ್ಟವಳೇ ಇಡೀ ಮುಖ ಮುದುಡಿಸಿದಳು. "ಥೂ, ಇದೇನೇ ಅಕ್ಕ, ಬೇವಿನ ಕಡ್ಡಿ ಅರೆದು ಹಾಕಿದ್ಯಾ?"

ನಾನೂ ಮುಟ್ಟಿ ನೋಡಿದೆ. ನಾಲಿಗೆ ಮರಗಟ್ಟುವಷ್ಟು ಕಹಿ.

ತಕ್ಷಣ ಗುಳಿಗೆ ಗ್ಯಾಂಗಿಗೆ ಹಾಕಿದೆ: "ಸಪ್ಪೆ ಅಂದ್ರೆ ಖಾಲಿ. ಕಹಿ ಅಂದ್ರೆ ಅಸಲಿ. ಎಲ್ಲರೂ ಚೆಕ್ ಮಾಡಿ." ಅವಳಿ ಮಕ್ಕಳ ಅಮ್ಮನೊಬ್ಬರಿದ್ದಾರೆ, ಇಬ್ಬರು ಗಂಡು ಹುಡುಗರೂ ಈ ಪರೀಕ್ಷೆಯಲ್ಲಿದ್ದಾರೆ. ಅವರು ಬರೆದರು, "ಅಡ್ಮಿನ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ದೊಡ್ಡವನದ್ದು ಕಹಿ, ಚಿಕ್ಕವನದ್ದು ಸಪ್ಪೆ." ಉಳಿದವರದ್ದೆಲ್ಲ ಹೆಬ್ಬೆಟ್ಟು, ಚಪ್ಪಾಳೆ.

ಮೂರು ವಾರ ಹಿಡಿಯುವ ಪರೀಕ್ಷೆಯನ್ನು ನಾಲಿಗೆ ತುದಿಯಲ್ಲಿ ಮುಗಿಸಿದ್ದೇನೆ. ಡಾಕ್ಟರಾಗಬೇಕಿತ್ತು ನಾನು.

ಜನವರಿ 23, ಗುರುವಾರ

ಗಿರಗಿಟ್ಲೆಯ ಒಂದು ಶೂ ಫ್ರಿಜ್‌ನಲ್ಲಿ ಸಿಕ್ಕಿತು. ಸಂಜೆ ಓದಲು ಕೂರಿಸಿದರೆ ಪುಸ್ತಕ ಹಾಸಿಗೆಯಲ್ಲಿ, ಪೆನ್ಸಿಲ್ ಬಾತ್‌ರೂಮಿನಲ್ಲಿ, ಇವಳು ಕಿಟಕಿ ಸರಳಿನ ಮೇಲೆ. ಶಾಲೆಯ ಮಿಸ್ ಫೋನ್ ಮಾಡಿ, ಪಕ್ಕದ ಹುಡುಗಿಯ ಜಡೆಯನ್ನು ಬೆಂಚಿಗೆ ಕಟ್ಟಿದ್ದಳೆಂದು ಹೇಳಿದರು.

ಔಷಧಿ ದೇಹಕ್ಕೆ ಒಗ್ಗಲು ಟೈಮ್ ಬೇಕಲ್ಲ. ಕಹಿ ಇದೆಯೆಂದ ಮೇಲೆ ಒಳಗೊಳಗೇ ಕೆಲಸ ಮಾಡುತ್ತಿರಬೇಕು. ಮತ್ತೆ, ಶೂ ಇಟ್ಟದ್ದು ತರಕಾರಿ ಟ್ರೇನಲ್ಲಿ ನೀಟಾಗಿ. ನಾಲ್ಕು ಕೊಟ್ಟೆ.

ಜನವರಿ 27, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮೂರನೇ ಬಾಟಲಿ ತರಲು ಆಸ್ಪತ್ರೆಗೆ ಹೋಗಿದ್ದೆವು. ಕನ್ನಡಕದಕ್ಕ ಗಿರಗಿಟ್ಲೆಯ ತೂಕ ನೋಡುತ್ತಿದ್ದಳು. ಅಷ್ಟರಲ್ಲಿ ಅವಳಿಗಳ ಅಮ್ಮ ಬಾಗಿಲಲ್ಲೇ ನಿಂತು ಕೂಗಿ ಕೇಳಿದರು, "ಏನಮ್ಮಾ ಅಡ್ಮಿನ್, ನಮ್ಮ ಚಿಕ್ಕೋನದ್ದು ಸಪ್ಪೇನೇ. ಆದ್ರೂ ಈ ವಾರ ಸುಮ್ನೆ ಕೂತಿದ್ದ ಕಣಮ್ಮ. ಮಾರ್ಕ್ಸ್ ಜಾಸ್ತಿ ಕೊಡ್ಲಾ, ಕಮ್ಮಿ ಕೊಡ್ಲಾ?"

ಕನ್ನಡಕದಕ್ಕ ತೂಕದ ಯಂತ್ರದಿಂದ ನಿಧಾನವಾಗಿ ತಲೆ ಎತ್ತಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬಾಗಿಲು ಹಾಕಿ ಕೂರಿಸಿದಳು. ಬೈಯಲಿಲ್ಲ, ಅದೇ ಕಷ್ಟವಾದದ್ದು.

"ಮಗುವಿನ ಔಷಧೀನ ನೀನ್ಯಾಕೆ ಬಾಯಿಗೆ ಹಾಕ್ಕೊಂಡೆ?"

"ರುಚಿ ನೋಡೋಕೆ."

"ಕೆಲವು ಬಾಟ್ಲಿಗೆ ಕಹಿ ಪುಡಿ ನಾವೇ ಬೆರೆಸಿರ್ತೀವಿ. ನಿನ್ನಂಥ ಜಾಣೆ ಪ್ರತಿ ಸಲಾನೂ ಒಬ್ಬಳು ಇದ್ದೇ ಇರ್ತಾಳೆ. ರುಚಿಗೂ ಔಷಧಿಗೂ ಸಂಬಂಧ ಇಲ್ಲ."

"ಹಾಗಾದ್ರೆ ಯಾವ್ದರಲ್ಲಿ..."

"ನನಗೂ ಗೊತ್ತಿಲ್ಲ. ನನ್ನ ಮುಖ ನೋಡಿ ಕಂಡುಹಿಡೀತೀಯ ಅಂತಾನೇ ನನಗೂ ಹೇಳಿಲ್ಲ." ಸ್ವಲ್ಪ ತಡೆದು ಕೇಳಿದಳು, "ನೀನು ಅಂಕ ಕೊಟ್ಟಿದ್ದು ತಂಗಿಗಾ, ಪುಡಿಗಾ?"

ಉತ್ತರ ಗೊತ್ತಿತ್ತು.

ನನ್ನ ಎರಡು ವಾರಗಳ ಅಂಕ ಲೆಕ್ಕಕ್ಕಿಲ್ಲ. ಗ್ರೂಪಿನವರೆಲ್ಲರ ಕಥೆಯೂ ಅದೇ. ನಮಗೆ ಇನ್ನೆರಡು ಬಾಟಲಿ ಹೊಸದಾಗಿ ಕೊಡುತ್ತಾರಂತೆ: ಆ ಎರಡು ವಾರದ್ದೇ, ಬೇರೆ ನಂಬರಿನಲ್ಲಿ, ಯಾವುದು ಮೊದಲೆಂದು ಹೇಳದೆ. ಮತ್ತೆ ಕೆಡಿಸಿದರೆ ಗಿರಗಿಟ್ಲೆಯನ್ನು ಪರೀಕ್ಷೆಯಿಂದ ಕೈಬಿಡುತ್ತಾರೆ. ಶಾಲೆಯ ಪರೀಕ್ಷೆಯೊಳಗೆ ಸರಿಯಾದ ಡೋಸ್ ಗೊತ್ತಾಗಲು ಇರುವುದು ಇದೊಂದೇ ದಾರಿ.

ಬಸ್ಸಿನಲ್ಲಿ ಅಮ್ಮ ಒಂದೇ ಮಾತು ಹೇಳಿದಳು. "ನಿನ್ನ ಸೀರಿಯಲ್ ಅಲ್ಲ ಕಣೆ ಅವಳು."

ಗ್ರೂಪ್ ಅಳಿಸಿದೆ.

ಜನವರಿ 29, ಬುಧವಾರ

ಮೂರನೇ ಬಾಟಲಿ. ರುಚಿ ನೋಡಿಲ್ಲ. ಕ್ಯಾಪ್ಸೂಲ್ ಬಿಡಿಸುವಾಗ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತೇನೆ.

ಸಂಜೆ ಗಿರಗಿಟ್ಲೆ ಕುರ್ಚಿಯಲ್ಲಿ ಕೂತಳು. ಹೋಂವರ್ಕ್ ಮುಗಿಯಿತು. ಆಮೇಲೂ ಕೂತೇ ಇದ್ದಳು. ಅಮ್ಮ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮಿಸ್ ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಬಂಗಾರದಂಥ ಮಗು ರೀ. ಕ್ಲಾಸಲ್ಲಿ ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ." ಅಮ್ಮ ಅದನ್ನು ಮತ್ತೆ ಮತ್ತೆ ಕೇಳಿದಳು.

ಕೂತದ್ದಕ್ಕೆ ಐದಕ್ಕೆ ಐದು. ಕಂಡದ್ದನ್ನೇ ಬರೆದಿದ್ದೇನೆ.

ಡಬ್ಬಿಯಲ್ಲಿ ಕಳಿಸಿದ್ದ ಊಟ ಹಾಗೇ ವಾಪಸ್ ಬಂದಿತ್ತು.

ಫೆಬ್ರವರಿ 1, ಶನಿವಾರ

ಇಡೀ ದಿನ ಅವಳ ಜೊತೆಗಿದ್ದೆ. ಇವತ್ತು ಅವಳು "ಯಾಕೆ" ಎಂದು ಒಂದು ಸಲವೂ ಕೇಳಲಿಲ್ಲ. ಸಾಮಾನ್ಯವಾಗಿ ಹಲ್ಲುಜ್ಜಿ ಮುಗಿಸುವ ಹೊತ್ತಿಗೇ ಹತ್ತು ಯಾಕೆಗಳಾಗಿರುತ್ತವೆ. ಉಗುರಿನ ಪಕ್ಕದ ಚರ್ಮ ಕೀಳುತ್ತಾ ಗೋಡೆ ನೋಡುತ್ತಿದ್ದಳು.

ನಗಿಸೋಣವೆಂದು ಹೆಡ್‌ಮೇಡಂ ಥರ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನಡೆದೆ. ಇದಕ್ಕೆ ಅವಳು ಯಾವತ್ತೂ ನೆಲದ ಮೇಲೆ ಹೊರಳಾಡುತ್ತಾಳೆ. ಇವತ್ತು ಸುಮ್ಮನೆ ನೋಡಿದಳು.

"ಚೆನ್ನಾಗಿಲ್ವೇನೇ?"

"ಚೆನ್ನಾಗಿದೆ ಅಕ್ಕ. ನಗು ಬರ್ತಿದೆ ಅಂತ ಗೊತ್ತಾಗತ್ತೆ. ಬಾಯಿ ತನಕ ಬರಲ್ಲ."

ಕನ್ನಡಕದಕ್ಕನಿಗೆ ಆಗಲೇ ಫೋನ್ ಮಾಡಿದೆ. ಡಾಕ್ಟರನ್ನು ಕೇಳಿ ಹೇಳಿದಳು: ಈ ಬಾಟಲಿಗೆ ನಾಳೆ ಒಂದು ದಿನ ಬಾಕಿ, ಅದನ್ನು ಕೊಡುವುದು ಬೇಡ, ನೀರು ಕುಡಿಸಿ, ಹಸಿವಾದಾಗ ತಿನ್ನಲಿ, ಏನಾದರೂ ಹೆಚ್ಚುಕಮ್ಮಿ ಅನ್ನಿಸಿದರೆ ತಕ್ಷಣ ಕರೆದುಕೊಂಡು ಬನ್ನಿ. "ಅವಳು ಹೇಳಿದ್ದನ್ನ ಹಾಗೇ ಬರಿ. ನಿನ್ನ ಮಾತು ಬೇಡ, ಅವಳ ಮಾತೇ ಬರಿ."

ಅಮ್ಮನಿಗೆ ಹೇಳಿದೆ. "ಹೊಸದರಲ್ಲಿ ಹಾಗೇ ಇರತ್ತೆ. ಮಗು ಕೂತಿದೆಯಲ್ಲ, ಅದನ್ನೂ ತಪ್ಪು ಅಂತೀಯಾ?" ಎಂದಳು. ಅವಳ ಮುಖದಲ್ಲಿ ಅಷ್ಟೊಂದು ನೆಮ್ಮದಿ ಇತ್ತು.

ಫೆಬ್ರವರಿ 4, ಮಂಗಳವಾರ

ನಾಲ್ಕನೇ ಬಾಟಲಿ. ಅದು ಯಾವುದಾದರೂ ಇರಲಿ.

ಸಂಜೆ ಹೋಂವರ್ಕ್ ಮಧ್ಯೆ ಗಿರಗಿಟ್ಲೆ ಎದ್ದಳು. ಕಿಟಕಿ ತನಕ ಹೋಗಿ ಬೀದಿ ನಾಯಿಗೆ ಏನೋ ಹೇಳಿದಳು. ನಾನು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ತಾನೇ ವಾಪಸ್ ಬಂದು, ಬಿಟ್ಟ ಸಾಲಿನಲ್ಲೇ ಪೆನ್ಸಿಲ್ ಇಟ್ಟಳು. ಬಿಟ್ಟ ಸಾಲಿನಲ್ಲೇ. ಆಮೇಲೆ ಮತ್ತೆ ಎದ್ದಳು, ಮತ್ತೆ ಬಂದಳು.

ಕೂತದ್ದಕ್ಕೆ ಮೂರೇ ಕೊಡಬೇಕಾಯಿತು, ಕೂರಲಿಲ್ಲವಲ್ಲ. ಎದ್ದು ಹೋಗುವುದಕ್ಕೆ ಆ್ಯಪ್‌ನಲ್ಲಿ ಅಂಕ ಕಳೆಯುತ್ತಾರೆ. ವಾಪಸ್ ಬರುವುದಕ್ಕೆ ಯಾರೂ ಅಂಕ ಇಟ್ಟಿಲ್ಲ. ಕೆಳಗೆ "ಇತರೆ" ಎಂಬ ಜಾಗದಲ್ಲಿ ಬರೆದೆ.

ಫೆಬ್ರವರಿ 8, ಶನಿವಾರ

ಬೆಂಕಿಪೆಟ್ಟಿಗೆ, ದಾರ, ಹಳೇ ರೀಲು, ಎರಡು ಗುಂಡಿ. ಇಷ್ಟರಲ್ಲಿ ಗಿರಗಿಟ್ಲೆ ಒಂದು ಲಿಫ್ಟ್ ಮಾಡಿದಳು. ಶುರು ಮಾಡಿ ಅರ್ಧಕ್ಕೆ ಬಿಟ್ಟ ಸಾಮಾನುಗಳದ್ದೇ ಒಂದು ಚೀಲ ನಮ್ಮ ಮಂಚದಡಿ ಇದೆ. ಇದು ಆ ಚೀಲಕ್ಕೆ ಹೋಗಲಿಲ್ಲ. ಊಟದ ಮೊದಲು ದಾರ ಸಿಕ್ಕಾಗಿತ್ತು. ನಾನಾಗಿದ್ದರೆ ಕತ್ತರಿ ತರುತ್ತಿದ್ದೆ. ಅವಳು ನಾಲಿಗೆ ಹೊರಗೆ ಹಾಕಿ, ಒಂದೊಂದೇ ಗಂಟು ಬಿಡಿಸಿದಳು. ನಡುವೆ ಊಟಕ್ಕೂ ಬಂದಳು, ಎರಡು ಸಲ ಹಾಕಿಸಿಕೊಂಡಳು.

ಅಪ್ಪ ಬಂದ ಮೇಲೆ ನೆಲದ ಮೇಲೆ ಮಂಡಿಯೂರಿ ಕೂತು, ನಿಜವಾದ ಲಿಫ್ಟನ್ನು ನೋಡುವ ಹಾಗೆ ನೋಡಿದರು. "ಬಾಗ್ಲು ಮುಚ್ದೇ ಮೇಲೆ ಹೋಗ್ತಿದೆಯಲ್ಲ ಮಗಳೇ. ಪಾಸ್ ಮಾಡಲ್ಲ ನಾನು."

"ಒಳಗೆ ಯಾರಿದ್ದಾರೆ ನೋಡು ಅಪ್ಪ."

ಒಳಗೊಂದು ಕಾಗದದ ಗೊಂಬೆ. ಮೂಗಿನ ತುದಿಯಲ್ಲಿ ಕನ್ನಡಕ.

"ಹೆಡ್‌ಮೇಡಮ್ಮು. ಬಾಗ್ಲು ಮುಚ್ಚಿದ್ರೆ ಭಯ ಆಗತ್ತಂತೆ ಪಾಪ," ಎಂದು ಹೇಳಿ, ತನ್ನ ಜೋಕಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಬಾಯಿ ತನಕ ಅಲ್ಲ, ಕಾಲ್ಬೆರಳಿನ ತನಕ. ಅಪ್ಪನಿಗೆ ಕೆಮ್ಮು ಬರುವಷ್ಟು ನಗು. ನಾನು ವಿಡಿಯೋ ಮಾಡುವುದನ್ನೂ ಮರೆತೆ.

ಥ್ರೆಡ್‌ನಲ್ಲಿ ಯಾರೋ ಕೇಳಿದ್ದಾರೆ, ಡಿಟೆಕ್ಟಿವ್ ಅಕ್ಕ ಎಲ್ಲಿ ಕಳೆದುಹೋದಳು ಎಂದು. ಏನು ಕಂತು ನಡೆಯುತ್ತಿದೆಯೋ. ಆಮೇಲೆ ನೋಡಬೇಕು.

ಫೆಬ್ರವರಿ 12, ಬುಧವಾರ

ಐದನೇ ಬಾಟಲಿ. ನೀರಿನ ಫಿಲ್ಟರಿಗೆ ಉಪ್ಪು ಹಾಕಿದ್ದಾಳೆ, ಸಮುದ್ರ ಮಾಡಲು. ಪುಸ್ತಕ ತೆರೆದೇ ಇಲ್ಲ. ಹೊಗಳುವ ಹಾಗೂ ಇಲ್ಲ, ಬೈಯುವ ಹಾಗೂ ಇಲ್ಲ, ಬರೆಯಬೇಕು ಅಷ್ಟೇ. ಒಂದು, ಒಂದು, ಒಂದು.

ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿದಳು, "ಅಕ್ಕಾ, ಹೋದ ವಾರದ ಬಾಟ್ಲಿ ಖಾಲಿ ಆಯ್ತಾ?"

"ಯಾಕೆ?"

"ಅದ್ರಲ್ಲಿ ನನ್ನ ತಲೆ ನನ್ನ ಮಾತು ಕೇಳ್ತಿತ್ತು."

ಫೆಬ್ರವರಿ 21, ಶುಕ್ರವಾರ

ಇವತ್ತು ಕವರ್ ಒಡೆದರು. ಎಲ್ಲವನ್ನೂ ಬರೆದೇ ಮಲಗುವುದು.

ಡಾಕ್ಟರ ರೂಮಿನಲ್ಲಿ ಅಪ್ಪ, ಅಮ್ಮ, ನಾನು, ಕನ್ನಡಕದಕ್ಕ. ಗಿರಗಿಟ್ಲೆ ತಿರುಗುವ ಸ್ಟೂಲಿನ ಮೇಲೆ. ಡಾಕ್ಟರು ಕವರನ್ನು ಮೇಜಿನ ಮಧ್ಯೆ ಇಟ್ಟು ಅದರ ಮೇಲೆ ಕೈಯಿಟ್ಟರು. "ಒಡೆಯೋಕೆ ಮುಂಚೆ ನೀವು ಹೇಳಿ. ಯಾವ ಬಾಟ್ಲಿ ಬೇಕು?"

"ಮೂರನೇದು," ಎಂದಳು ಅಮ್ಮ, ಉಸಿರು ತೆಗೆದುಕೊಳ್ಳದೆ. ಮಿಸ್ ಕೊಟ್ಟ ಅಂಕಗಳಲ್ಲೂ ಮೂರನೆಯದೇ ಮುಂದು. ನನ್ನ ಅಂಕ ಕೂಡಿಸಿದರೂ ಮೂರನೆಯದೇ. ಕೂತದ್ದಕ್ಕೆ ಐದರ ಮೇಲೆ ಐದು ಕೊಟ್ಟವಳು ನಾನೇ ಅಲ್ಲವೇ.

ಡಾಕ್ಟರು ನನ್ನ ಕಡೆ ತಿರುಗಿದರು. ಥ್ರೆಡ್‌ನಲ್ಲಾದರೆ ಟೈಪ್ ಮಾಡಿ ಅಳಿಸಬಹುದು.

"ನಾಲ್ಕನೇದು ಸರ್."

ಅಮ್ಮ ಗಕ್ಕನೆ ತಿರುಗಿದಳು. "ನಿನಗೇನೇ ಗೊತ್ತು? ಶಾಲೆಗೆ ಹೋಗಿ ಬೈಸ್ಕೊಂಡು ಬರೋಳು ನಾನು. ಮೊದಲ್ನೇ ಸಲ ಯಾರೋ ನನ್ನ ಮಗಳನ್ನ ಬಂಗಾರ ಅಂದ್ರು."

"ಗೊತ್ತಮ್ಮ. ಅವಳು ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ ಅಂದ್ರಲ್ಲ, ನಿಜವಾಗ್ಲೂ ಇರ್ಲಿಲ್ಲಮ್ಮ ಅವಳು." ಡಾಕ್ಟರ ಕಡೆ ತಿರುಗಿದೆ. "ಅನ್ನ ಬಿಟ್ಟಿದ್ಲು. ಯಾಕೆ ಅಂತ ಕೇಳೋದು ಬಿಟ್ಟಿದ್ಲು. ನಾಲ್ಕನೇದ್ರಲ್ಲಿ ಎದ್ದು ಹೋಗ್ತಾಳೆ, ನಿಜ. ಆದ್ರೆ ತಾನೇ ವಾಪಸ್ ಬರ್ತಾಳೆ. ಯಾರೂ ಕರೀಬೇಕಿಲ್ಲ. ನಾನು ದಿನಾ ಬರ್ದಿದ್ದೀನಿ ಸರ್, 'ಇತರೆ' ಅನ್ನೋ ಕಡೆ."

ಕನ್ನಡಕದಕ್ಕ, "ಓದಿದ್ದೀನಿ," ಎಂದಳು. ಅಷ್ಟೇ.

ಡಾಕ್ಟರು ಸ್ಟೂಲು ತಿರುಗುವುದನ್ನು ಮೆಲ್ಲಗೆ ಕೈಯಿಂದ ತಡೆದರು. "ನೀನು ಹೇಳಮ್ಮ. ಎಲ್ಲಾ ಬಾಟ್ಲಿ ಮಾತ್ರೆ ತಿಂದೋಳು ನೀನೊಬ್ಬಳೇ."

ಗಿರಗಿಟ್ಲೆ ಯೋಚಿಸಿದಳು. ಅವಳು ಯೋಚಿಸುವಾಗ ಒಂದು ಕಣ್ಣು ಮುಚ್ಚುತ್ತಾಳೆ.

"ಮೂರನೇದ್ರಲ್ಲಿ ನಾನು ಕೂತಿದ್ದೆ," ಎಂದಳು. "ನಾಲ್ಕನೇದ್ರಲ್ಲಿ ಓದ್ತಿದ್ದೆ."

ಅಮ್ಮ ಅವಳನ್ನೇ ನೋಡುತ್ತಿದ್ದಳು. ಅಪ್ಪ, "ನನ್ನ ಓಟು ಅವಳಿಗೆ," ಎಂದರು.

ಕವರ್ ಒಡೆದರು. ಮೂರನೆಯದು ದೊಡ್ಡ ಡೋಸು. ನಾಲ್ಕನೆಯದು ಸಣ್ಣ ಡೋಸು. ಐದನೆಯದು ಖಾಲಿ. ಮೊದಲ ಎರಡನ್ನೂ ಓದಿದರು: ಒಂದನೆಯದು ಸಣ್ಣ ಡೋಸು, ಎರಡನೆಯದು ಖಾಲಿ. ಅಂದರೆ ನಾನು ನಾಲ್ಕು ಅಂಕ ಕೊಟ್ಟದ್ದು ಖಾಲಿ ಬಾಟಲಿಗೆ, ಫ್ರಿಜ್‌ನಲ್ಲಿದ್ದ ಶೂಗೆ. ಕನ್ನಡಕದಕ್ಕ ನನ್ನ ಕಡೆ ನೋಡಿ ತುಟಿ ಬಿಗಿಹಿಡಿದು ನಗು ತಡೆದಳು.

ಮೂರನೇ ಬಾಟಲಿಯ ವಾರದಲ್ಲಿ ತೂಕವೂ ಇಳಿದಿತ್ತು, ಡಾಕ್ಟರು ಚೀಟಿ ತೋರಿಸಿದರು. "ಅತಿ ಸುಮ್ಮನಿರೋದು ಗುಣ ಆಗಿದ್ದಲ್ಲ, ಡೋಸು ಜಾಸ್ತಿ ಆಗಿದ್ದು. ಸಣ್ಣದೇ ಸಾಕು ಇವಳಿಗೆ. ತಿಂಗಳು ತಿಂಗಳು ಕರ್ಕೊಂಡು ಬನ್ನಿ, ತೂಕ, ಎತ್ತರ, ಬಿಪಿ ನೋಡ್ತಾ ಇರೋಣ."

ಲಿಫ್ಟಿನಲ್ಲಿ ಇಳಿಯುವಾಗ ಅಮ್ಮ ಗಿರಗಿಟ್ಲೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ನನ್ನ ಕಡೆ ನೋಡದೆಯೇ ನನ್ನ ಕೈ ಹಿಡಿದಳು. ಗಿರಗಿಟ್ಲೆ ಎಲ್ಲ ಮಹಡಿಯ ಗುಂಡಿಗಳನ್ನೂ ಒತ್ತಿದ್ದಳು. ಪ್ರತಿ ಮಹಡಿಯಲ್ಲೂ ನಿಂತು ನಿಂತು ಇಳಿದೆವು.

ಮಾರ್ಚ್ 5, ಬುಧವಾರ

ಸಣ್ಣ ಡೋಸೆಂದರೆ ಮಂತ್ರದಂಡ ಅಲ್ಲ. ಸಂಜೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಸುಮ್ಮಸುಮ್ಮನೆ ಅಳು. ಇವತ್ತು ರಬ್ಬರ್ ಚೌಕವಾಗಿದೆ ಎಂದು ಅತ್ತಳು. ಅದು ಯಾವಾಗಲೂ ಚೌಕವಾಗಿಯೇ ಇತ್ತು. ಜೊತೆಗೆ ಕೂತು ರಬ್ಬರಿಗೆ ಬೈದೆವು.

ಶಾಲೆಗೆ ಹೋಗಿ ಮಿಸ್ ಹತ್ತಿರ ಮಾತಾಡಿದೆ. ಒಬ್ಬಳೇ. "ಮೊದಲಿನ ಬಂಗಾರ ಎಲ್ಲಿ ಹೋದ್ಲು?" ಎಂದು ಕೇಳಿದರು. ಆ ವಾರ ಅವಳು ಹೇಗಿದ್ದಳೆಂದು ಹೇಳಿದೆ. ಅವರು, "ನನಗೆ ನಲವತ್ತು ಮಕ್ಕಳಮ್ಮ," ಎಂದರು. ಬೈದದ್ದಲ್ಲ. ಆಮೇಲೆ ತಾವಾಗಿಯೇ ಅವಳನ್ನು ಮುಂದಿನ ಬೆಂಚಿಗೆ ಹಾಕುತ್ತೇನೆಂದರು. ಬೋರ್ಡ್ ಒರೆಸುವ ಕೆಲಸವೂ ಅವಳಿಗೇ, ಏಳಬೇಕೆನಿಸಿದರೆ ಏಳಲು ಒಂದು ನೆಪ ಇರಲಿ ಎಂದು.

"ಆದ್ರೆ ಪರೀಕ್ಷೆಲಿ ಬೋರ್ಡ್ ಒರೆಸೋಕೆ ಇರಲ್ಲ. ನೋಡೋಣ," ಎಂದರು.

ಮಾರ್ಚ್ 16, ಭಾನುವಾರ

ನಾಳೆ.

ಮನೆಯಲ್ಲಿ ಪರೀಕ್ಷೆ ಇರುವುದು ನನಗೇ ಎನ್ನುವ ಹಾಗಿದೆ. ಗಿರಗಿಟ್ಲೆ ಮಾತ್ರ ಗೊರಕೆ ಹೊಡೆಯುತ್ತಿದ್ದಾಳೆ.

ಮಾರ್ಚ್ 17, ಸೋಮವಾರ

ಕಾಲೇಜಿಗೆ ಹೋಗಲಿಲ್ಲ. ಬೆಳಿಗ್ಗೆ ಒಂದು ಚಮಚ ಜಾಮು, ಹೊಟ್ಟೆ ತುಂಬ ತಿಂಡಿ. ಶಾಲೆಗೆ ಬಿಟ್ಟು ಗೇಟಿನ ಹೊರಗಿನ ಕಟ್ಟೆ ಮೇಲೆ ಕೂತೆ. ಹೋದ ಸಲ ಇದೇ ಗೇಟಿನಿಂದ ಅವಳು ಎಲ್ಲರಿಗಿಂತ ಮೊದಲು ಹೊರಗೆ ಓಡಿ ಬಂದಿದ್ದಳು. ಆ ಹೊತ್ತು ಬಂತು. ಗೇಟು ತೆರೆಯಲಿಲ್ಲ. ಆ ಹೊತ್ತು ದಾಟಿತು. ನನ್ನ ಹತ್ತೂ ಉಗುರು ಮುಗಿದವು.

ಬೆಲ್ ಹೊಡೆಯಿತು. ಮಕ್ಕಳು ಗುಂಪುಗುಂಪಾಗಿ ಬಂದರು. ಅಮ್ಮಂದಿರು, ಅಜ್ಜಂದಿರು ಹೆಸರು ಕೂಗಿ ಕರೆದರು. ಗೇಟು ಖಾಲಿಯಾಯಿತು. ನನ್ನವಳಿಲ್ಲ.

ಏನೇನೋ ಯೋಚನೆ ಬಂತು. ಹಿಂಬಾಗಿಲಿನಿಂದ ಓಡಿಹೋದಳೇ? ಹೆಡ್‌ಮೇಡಂ ರೂಮಿಗೆ ಕರೆಸಿದ್ದಾರೆಯೇ? ಕಾವಲುಗಾರನನ್ನು ಬೇಡಿಕೊಂಡು ಒಳಗೆ ನುಗ್ಗಿದೆ. ಕಾರಿಡಾರಿನ ತುದಿಯಲ್ಲಿ ಮಿಸ್ ಬರುತ್ತಿದ್ದರು, ತೋಳಿನ ತುಂಬ ಉತ್ತರ ಪತ್ರಿಕೆ. ಅವರ ಹಿಂದೆ ಗಿರಗಿಟ್ಲೆ, ಮೊಣಕೈ ತನಕ ಇಂಕು.

"ಏನ್ಮಾಡಿದ್ಲು ಮಿಸ್?"

"ಏನ್ಮಾಡಿದ್ಲಾ? ಎಲ್ಲರಿಗಿಂತ ಕೊನೇಲಿ ಪೇಪರು ಕೊಟ್ಟಿದ್ದು ಇವಳೇ. ಬೆಲ್ ಆದ್ಮೇಲೂ ಬಿಡಲ್ಲ ಅಂತಾಳೆ. ಇನ್ನೊಂದ್ಸಲ ನೋಡ್ತೀನಿ ಮಿಸ್, ಇನ್ನೊಂದ್ಸಲ ನೋಡ್ತೀನಿ ಮಿಸ್. ಕೈಯಿಂದ ಬಿಡಿಸ್ಕೊಳ್ಳೋಷ್ಟರಲ್ಲಿ ಸಾಕಾಯ್ತು ನನಗೆ." ಗದರುವ ದನಿಯೇ. ಆದರೆ ಕಣ್ಣು ಬೇರೆ ಹೇಳುತ್ತಿತ್ತು. "ಮಧ್ಯ ನಾಲ್ಕು ಸಲ ಎದ್ದು ನಿಂತ್ಕೊಂಡ್ಲು. ಕೂತ್ಕೋ ಅಂತ ಹೇಳೋಣ ಅಂದ್ರೆ, ನಾನು ಹೇಳೋಕೆ ಮುಂಚೇನೇ ಕೂತ್ಕೊಂಡು ಬರೀತಿದ್ಲು."

ಹೆಡ್‌ಮೇಡಂ ರೂಮಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿ ಹೇಳಿದರು, "ಆಫೀಸಲ್ಲಿ ಐದನೇ ಕ್ಲಾಸಿನ ಪುಸ್ತಕದ ಪಟ್ಟಿ ಇದೆ. ಹೋಗ್ತಾ ತಗೊಂಡು ಹೋಗು."

ಐದನೇ ಕ್ಲಾಸು. ಇದೇ ಶಾಲೆ. ನಾನು ಅಲ್ಲೇ ಕಾರಿಡಾರಿನಲ್ಲಿ ಗಿರಗಿಟ್ಲೆಯನ್ನು ಎತ್ತಿ ತಿರುಗಿಸಿದೆ. ಒಂಬತ್ತು ವರ್ಷದವಳು, ಹಗುರ ಏನಲ್ಲ.

"ಬಿಡೇ ಅಕ್ಕ, ಎಲ್ರೂ ನೋಡ್ತಾರೆ," ಎಂದಳು ಅವಳು. ಇವಳ ಬಾಯಲ್ಲಿ ಈ ಮಾತು.

ದಾರಿಯುದ್ದಕ್ಕೂ ಇಡೀ ಪ್ರಶ್ನೆಪತ್ರಿಕೆ ಒಪ್ಪಿಸಿದಳು, ಪ್ರಶ್ನೆ, ತನ್ನ ಉತ್ತರ, ಪ್ರಶ್ನೆ ಕೇಳಿದವರು ಮಾಡಿದ ತಪ್ಪು ಸಮೇತ. ಅಂಗಡಿಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಆಮೇಲೆ ಮೂಗೆಳೆದುಕೊಂಡು, "ಬಂದೆ ಇರು," ಎಂದಳು. ಅರ್ಧ ದಿನದ ರಜೆ ಹಾಕಿ ಬಂದೇಬಿಟ್ಟಳು.

ಸಂಜೆ ಔಷಧಿ ಇಳಿಯಿತು. ಇವತ್ತು ಅಳು ಇಲ್ಲ. ಗಿರಗಿಟ್ಲೆ ನಮ್ಮ ಮಂಚ ಹತ್ತಿ ಜಿಗಿಯಲು ಶುರು ಮಾಡಿದಳು, "ಐದ್ನೇ ಕ್ಲಾಸು, ಐದ್ನೇ ಕ್ಲಾಸು" ಎಂದು. ಅಪ್ಪ ಎಂದಿನಂತೆ, "ಇಳಿ ಮಗಳೇ, ಮುರಿಯತ್ತೆ," ಎಂದರು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಕುಣೀಲಿ ಬಿಡಿ," ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಳೆ ಯಾರಾದರೂ ಕೇಳಿದರೆ ಇರಲಿ ಎಂದು, ಕಂಡದ್ದನ್ನು ಕಂಡ ಹಾಗೇ ಬರೆದಿಡುತ್ತಿದ್ದೇನೆ: ಮಂಚದ ಪಟ್ಟಿ ಮುರಿದದ್ದು ಗಿರಗಿಟ್ಲೆಯಿಂದ ಅಲ್ಲ. ಅಮ್ಮ ಹತ್ತಿದ ಮೇಲೆ.